ಗಾಳಿ ಎಲ್ಲಿಂದ ಬತ್ತಾ ಇತ್ತ್?

ಕ್ಯಾಪ್ಟನ್ ಸರ್ ತೀರಿಕೊಂಡ ಸುದ್ದಿ ಬಂದಾಗ ನನ್ನ ಹಡಗು ಮಲಾಕ್ಕಾ ಜಲಸಂಧಿಯಲ್ಲಿತ್ತು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎರಡೇ ಪದ: "ಸರ್ ಹೋದ್ರು." ಅವರಿಗೆ 88 ಆಗಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡು ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಿಂದ ಹೊರಗೆ ಬಂದು ನಿಂತೆ. ಕೆನ್ನೆಗೆ ತಾಗಿದ ಗಾಳಿ ಯಾವ ದಿಕ್ಕಿನದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಆ ಅಭ್ಯಾಸ ಅವರದ್ದು. ಕುಂದಾಪುರದ ಹೊಳೆಬದಿಯಲ್ಲಿ ನಲವತ್ತು ವರ್ಷದ ಹಿಂದೆ ಅಂಟಿದ್ದು ಇನ್ನೂ ಬಿಟ್ಟಿಲ್ಲ.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಮಾಷ್ಟ್ರಿಗೆ ವರ್ಗವಾಯಿತು. ಹೊಸಬರು ಬರುವ ತನಕ ಪಾಠ ಮಾಡಲು ಒಪ್ಪಿದವರು ಕ್ಯಾಪ್ಟನ್ ಸರ್. ಸಂಬಳ ಬೇಡ ಅಂದರಂತೆ. ವಾಯುಪಡೆಯಲ್ಲಿ ಪ್ಯಾಕೆಟ್ ಎಂಬ ಸಾಮಾನು ಸಾಗಿಸುವ ವಿಮಾನ ಹಾರಿಸಿದವರು. ಎರಡು ಎಂಜಿನ್ ಸಾಲದೆಂದು ಬೆನ್ನ ಮೇಲೆ ಇನ್ನೊಂದು ಜೆಟ್ ಎಂಜಿನ್ ಹೊತ್ತ ವಿಮಾನ ಅದು. ಆ ಜೆಟ್ ತಯಾರಾಗುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. 1962ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,600 ಅಡಿಗೂ ಎತ್ತರದಲ್ಲಿ, ಮೊದಲು ನೆಲಕ್ಕಿಳಿದದ್ದೂ ಪ್ಯಾಕೆಟ್ಟೇ. ಸರ್ ಆ ಕಾಲದಲ್ಲಿ ಅಲ್ಲಿನ ಚೌಕಿಗಳಿಗೆ ಅಕ್ಕಿ, ಸೀಮೆಎಣ್ಣೆ ಇಳಿಸುತ್ತಿದ್ದವರು. ಆಮೇಲೆ ಇಂಡಿಯನ್ ಏರ್‌ಲೈನ್ಸ್ ಸೇರಿ ಫೋಕರ್, ಆವ್ರೋ ಹಾರಿಸಿದರು. ನಲವತ್ತು ದಾಟಿದ ಪೈಲಟ್‌ಗಳಿಗೆ ಆಗೆಲ್ಲ ಆರು ತಿಂಗಳಿಗೊಮ್ಮೆ ಆಗುತ್ತಿದ್ದ ವೈದ್ಯಕೀಯ ಪರೀಕ್ಷೆಯಲ್ಲಿ ಒಮ್ಮೆ ಅವರ ಹೃದಯದ ಗ್ರಾಫ್ ಸರಿ ಬರಲಿಲ್ಲ. ಅಲ್ಲಿಗೆ ಹಾರಾಟ ಮುಗಿಯಿತು. ಹೆಂಡತಿಯನ್ನೂ ಒಂದು ದೋಣಿಯನ್ನೂ ಕರೆದುಕೊಂಡು ಊರಿಗೆ ಬಂದರು.

ದೋಣಿ ಬಂದದ್ದು ಬೊಂಬಾಯಿಯಿಂದ, ಹೆಂಚು ಇಳಿಸಲು ಬಂದ ಲಾರಿಯ ಮೇಲೆ. ಎಂಟರ್‌ಪ್ರೈಸ್ ಎಂಬ ಜಾತಿಯದು: 13 ಅಡಿ ಉದ್ದ, ಪ್ಲೈವುಡ್ ಮೈ, ಇಬ್ಬರಿಗೆ ಜಾಗ. ಆ ಜಾತಿಯ ದೋಣಿಗೆಲ್ಲ ನೀಲಿ ಹಾಯಿಯೇ ಗುರುತು. ಖಡಕ್ವಾಸ್ಲಾದ ಸೇನಾ ಅಕಾಡೆಮಿ ಎನ್‌ಡಿಎಯಲ್ಲಿ ಕೆಡೆಟ್ ಆಗಿದ್ದಾಗ ಅಲ್ಲಿನ ಕೆರೆಯಲ್ಲಿ ಕಲಿತ ಹಾಯಿ ಓಡಿಸುವ ಹುಚ್ಚು ಅವರಿಗೆ ಜೀವಮಾನವಿಡೀ ಇಳಿಯಲಿಲ್ಲ. "ಎಂಜಿನ್ ಇದ್ರೆ ಗಾಳಿಯನ್ನ ಸೀಳ್ಕಂಡ್ ಹೋಪುದ್. ಹಾಯಿ ಅಂದ್ರೆ ಗಾಳಿ ಹತ್ರ ಕೇಂಡ್ಕಂಡ್ ಹೋಪುದ್" ಅನ್ನುತ್ತಿದ್ದರು. ಇಂಗ್ಲಿಷ್, ಹಿಂದಿ ಎರಡೂ ನೀರು ಕುಡಿದಷ್ಟು ಸಲೀಸು. ನಮ್ಮ ಹತ್ತಿರ ಮಾತ್ರ ಅಪ್ಪಟ ಕುಂದಾಪ್ರ ಕನ್ನಡ.

ಕ್ಲಾಸಿಗೆ ಕಾಲಿಟ್ಟವರೇ ಮೊದಲು ಕೇಳುತ್ತಿದ್ದದ್ದು ಒಂದೇ. "ಗಾಳಿ ಎಲ್ಲಿಂದ ಬತ್ತಾ ಇತ್ತ್, ಹೇಳ್ ಕಾಂಬ." ಕಿಟಕಿಯಾಚೆ ತೆಂಗಿನ ಗರಿ ನೋಡಿ ಹೇಳಬೇಕು. ಬೆಳಿಗ್ಗೆ ಮೂಡುಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ, ಅದು ತಿರುಗುವ ಹೊತ್ತು ಯಾವುದು? ತಿರುಗುವ ಮುಂಚೆ ಒಂದು ಗಳಿಗೆ ಎಲೆಯೂ ಅಲ್ಲಾಡುವುದಿಲ್ಲ, ಅದನ್ನು ಗುರುತು ಹಾಕಿಕೊಂಡವರು ಯಾರು? ತ್ರಿಕೋನಮಿತಿ ಬೋರ್ಡಿನ ಮೇಲೆ ಶುರುವಾಗಿ ಹೊಳೆಯಲ್ಲಿ ಮುಗಿಯುತ್ತಿತ್ತು. ಎದುರುಗಾಳಿಗೆ ನೇರ ಹೋಗಲಾಗದ ದೋಣಿ ಒಮ್ಮೆ ಎಡಕ್ಕೆ 45 ಡಿಗ್ರಿ, ಒಮ್ಮೆ ಬಲಕ್ಕೆ 45 ಡಿಗ್ರಿ ಓರೆ ಹೊಡೆಯುತ್ತ ಗಾಳಿ ಬರುವ ಕಡೆಗೇ ಹೋಗಿ ಮುಟ್ಟುವುದನ್ನು ನೋಡಿದವನಿಗೆ ಸೈನ್, ಕೊಸೈನ್ ಮರೆಯುವುದುಂಟೇ? ಅಂಗೈಯನ್ನು ಮಲಗಿಸಿ "ಇದ್ ವಿಮಾನದ ರೆಕ್ಕೆ" ಅನ್ನುವರು. ಅದನ್ನೇ ನೆಟ್ಟಗೆ ನಿಲ್ಲಿಸಿ "ಇದ್ ಹಾಯಿ" ಅನ್ನುವರು. ಬಾಗಿದ ಮೈಯ ಮೇಲೆ ಹರಿದ ಗಾಳಿ ಒಂದನ್ನು ಮೇಲಕ್ಕೆತ್ತುತ್ತದೆ, ಇನ್ನೊಂದನ್ನು ಮುಂದಕ್ಕೆಳೆಯುತ್ತದೆ. ರಾತ್ರಿ ಆಕಾಶದ ವಿಮಾನಕ್ಕೂ ಕಡಲ ಹಡಗಿಗೂ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ಎಂದು ತಿಳಿದ ದಿನ, ಎರಡೂ ಒಂದೇ ಮನೆಯವು ಎಂದು ನನಗೆ ರೋಮಾಂಚನವಾಗಿತ್ತು.

ಅವರ ಗೆಳೆಯರಾಗಿದ್ದವರು ನಮ್ಮ ಕನ್ನಡ ಪಂಡಿತರು. ಈಜು ಬಾರದವರು, ದೋಣಿ ಹತ್ತದವರು, ಆದರೆ ದಡದಲ್ಲಿ ನಿಂತು ಪಂಚಾಂಗ ನೋಡಿ ಭರತ ಇಳಿತ ಹೇಳುವರು. ಅಮಾವಾಸ್ಯೆ ಹುಣ್ಣಿಮೆಗೆ ನೀರಿನ ಎಳೆತ ಹೆಚ್ಚು, ಅಷ್ಟಮಿಗೆ ಕಡಿಮೆ. ಸರ್ ತಮ್ಮ ಅಚ್ಚಾದ ಟೈಡ್ ಟೇಬಲ್ ಪಕ್ಕ ಪಂಡಿತರ ಲೆಕ್ಕ ಇಟ್ಟು ಹೋಲಿಸಿ, ಮರುದಿನವೇ ದೋಣಿ ಚಪ್ಪರದಲ್ಲಿ ಒಂದು ಪಂಚಾಂಗ ನೇತುಹಾಕಿದರು.

ಆ ಪಂಚಾಂಗವನ್ನು ನೋಡದೆ ನಾವು ಮಾಡಿದ ಪುಂಡಾಟಿಕೆ ಇದು. 1984ರ ಡಿಸೆಂಬರ್ 23, ಭಾನುವಾರ. ಅಮಾವಾಸ್ಯೆಯ ಮಾರನೆ ದಿನ. ಸರ್ ಮಂಗಳೂರಿಗೆ ಹೋಗಿದ್ದರು. ಇಬ್ಬರ ದೋಣಿಗೆ ನಾವು ಮೂವರು ಹತ್ತಿದೆವು. ಚುಕ್ಕಾಣಿ ನನ್ನ ಕೈಯಲ್ಲಿ. ಪಡುಗಾಳಿಗೆ ಎದುರಾಗಿ ಓರೆ ಹೊಡೆಯುತ್ತ ಪಂಚಗಂಗಾವಳಿ ಹೊಳೆಯಲ್ಲಿ ಅಳಿವೆ ಬಾಗಿಲ ಕಡೆ ಹೊರಟರೆ ದೋಣಿ ಎಂದೂ ಇಲ್ಲದ ವೇಗದಲ್ಲಿ ಓಡಿತು. ನನ್ನ ಕೈಚಳಕ ಎಂದೇ ತಿಳಿದೆ. ನಿಜವಾಗಿ ನಮ್ಮನ್ನು ಒಯ್ಯುತ್ತಿದ್ದದ್ದು ಇಳಿತದ ನೀರು. ಕೋಡಿ ಎಡಕ್ಕೆ, ಗಂಗೊಳ್ಳಿ ಬಲಕ್ಕೆ, ನಡುವೆ ಬಿಳಿ ನೊರೆ. ಗಾಳಿ ಒಳಗೆ ನೂಕುತ್ತದೆ, ನೀರು ಹೊರಗೆ ಎಳೆಯುತ್ತದೆ. ಅವೆರಡು ಎದುರಾಗುವಲ್ಲಿ ಅಲೆ ಗಿಡ್ಡವಾಗಿ, ಗೋಡೆಯ ಹಾಗೆ ಕಡಿದಾಗಿ ಏಳುತ್ತದೆ. ಎರಡನೆಯ ಅಲೆಗೆ ದೋಣಿ ಮಗುಚಿತು. ಹೊಟ್ಟೆ ಮೇಲಾದ ದೋಣಿಯನ್ನು ತಬ್ಬಿಕೊಂಡು ನಾವು ಕಡಲಿಗೆ ಹೋಗುತ್ತಿದ್ದೆವು. ಮೀನು ಹಿಡಿದು ಬರುತ್ತಿದ್ದ ಗಂಗೊಳ್ಳಿಯ ಬೋಟಿನವರು ಹಗ್ಗ ಎಸೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಸೋಮವಾರ ಸರ್ ಹೊಡೆಯಲಿಲ್ಲ, ಬೈಯಲಿಲ್ಲ. ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಕೊಟ್ಟರು. ಹೊರಟ ಸಮಯ, ಗಾಳಿ, ನೀರು, ಜನ. ಕೊನೆಯ ಅಂಕಣ: ಹಿಂತಿರುಗಲು ನಿರ್ಧರಿಸಿದ ಸಮಯ. ನಾನು ಎಲ್ಲ ತುಂಬಿದೆ. ಕೊನೆಯದು ಖಾಲಿ ಉಳಿಯಿತು. ಅವರು ಆ ಖಾಲಿ ಚೌಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯ ಮಾತು ತೆಗೆದರು. ಗುಡ್ಡದ ತಲೆ ತಟ್ಟೆ ಮಾಡಿದ ರನ್‌ವೇ, ಆಗ ಅದರ ಉದ್ದ ಸುಮಾರು 1,600 ಮೀಟರ್, ತುದಿಯಾಚೆ ಕಣಿವೆ, ಮಳೆಗಾಲದ ಮೋಡ. ಇಳಿಯುವುದು ಸರಿಯಿಲ್ಲ ಅನ್ನಿಸಿ ಮತ್ತೆ ಮೇಲೇರಿ ಬೆಂಗಳೂರಿಗೆ ಹಿಂತಿರುಗಿದ ದಿನ ಪ್ರಯಾಣಿಕರು ಮುಖಕ್ಕೇ ಬೈದರಂತೆ. "ಬೈಯೂಕೆ ಅವ್ರೆಲ್ಲ ಇದ್ರಲ್ದಾ? ಅಷ್ಟ್ ಸಾಕ್" ಅಂದರು. ಮುಂದಿನ ಭಾನುವಾರ ಮೂವರಿಂದಲೂ ಬೇಕೆಂದೇ ದೋಣಿ ಮಗುಚಿಸಿ, ನೆಟ್ಟಗೆ ಮಾಡಿಸಿ, ಮತ್ತೆ ಮಗುಚಿಸಿದರು. ಸಂಜೆಯಾಗುವ ಹೊತ್ತಿಗೆ ಭಯ ಹೋಗಿತ್ತು, ಹುಷಾರು ಉಳಿದಿತ್ತು.

ಹತ್ತೊಂಬತ್ತು ವರ್ಷದಿಂದ ನಾನು ಹಡಗಿನ ಮಾಸ್ಟರ್, ಅಂದರೆ ಕಪ್ತಾನ. ಗುಡ್‌ಹೋಪ್ ಭೂಶಿರವನ್ನು ಹಲವು ಸಲ ಸುತ್ತಿದ್ದೇನೆ, ನನ್ನ ಕೈಯಲ್ಲಿದ್ದ ಯಾವ ಹಡಗೂ ಇದುವರೆಗೆ ತಳ ಹತ್ತಿಲ್ಲ, ಒಬ್ಬ ಹುಡುಗನನ್ನೂ ಕಳೆದುಕೊಂಡಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಆ ಹೆಮ್ಮೆಯಲ್ಲಿ ಅವರ ಪಾಲು ದೊಡ್ಡದು.

2018ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಪೈಲಟ್ ಅಭಿಲಾಷ್ ಟೋಮಿ, ಹಾಯಿದೋಣಿಯಲ್ಲಿ ಒಬ್ಬರೇ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಓಟದಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಕೂವೆಮರ ಮುರಿದು ಬೆನ್ನುಮೂಳೆ ಜಖಂಗೊಂಡು ಬಿದ್ದಿದ್ದಾಗ ಸರ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. "ಅಲ್ಲಿ ಗಾಳಿ ಎಷ್ಟಿತ್ತ್ ಮಾರಾಯ?" ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು ಎಂದಾಗ ಫೋನಿನಾಚೆ ಬಹಳ ಹೊತ್ತು ಮಾತೇ ಇರಲಿಲ್ಲ. 2023ರಲ್ಲಿ ಅದೇ ಓಟವನ್ನು 236 ದಿನ ಒಬ್ಬರೇ ಓಡಿ ಟೋಮಿ ಎರಡನೆಯವರಾದಾಗ, 86ರ ಮುದುಕರು ಮನೆಯಲ್ಲಿ ಪಾಯಸ ಮಾಡಿಸಿದರು.

ರಜೆಗೆ ಬಂದವನು ಶಾಲೆಗೆ ಹೋದೆ. ಕಟ್ಟಡ ಚೆಂದವಾಗಿದೆ, ಫಲಿತಾಂಶವೂ ಚೆಂದವಿದೆ. ದೋಣಿ ಚಪ್ಪರವಿದ್ದಲ್ಲಿ ಸ್ಕೂಟರ್ ನಿಲ್ಲುತ್ತವೆ. ಹೊಳೆಗೂ ಮಕ್ಕಳಿಗೂ ನಡುವೆ ಎತ್ತರದ ಗೋಡೆ ಬಂದಿದೆ. ಹತ್ತನೇ ತರಗತಿಯಲ್ಲಿ ಈಜು ಬರುವವರು ಕೈ ಎತ್ತಿ ಎಂದೆ. ಎದ್ದದ್ದು ನಾಲ್ಕು ಕೈ. ಮೂರು ಕಡೆ ನೀರಿರುವ ಊರಿನಲ್ಲಿ ನಾಲ್ಕು! ಅಧ್ಯಾಪಕರ ತಪ್ಪಲ್ಲ, ಅವರಿಗೆ ಹೆದರಿಕೆಯಿದೆ, ಬೆಳಿಗ್ಗೆ ಆರಕ್ಕೇ ಕೋಚಿಂಗ್ ಇದೆ. ಆದರೂ ವಾರಕ್ಕೊಂದು ಗಂಟೆ ಈ ಮಕ್ಕಳನ್ನು ಹೊಳೆಯ ಹತ್ತಿರ ಬಿಡಿ ಎಂದು ಹಳೆಯ ವಿದ್ಯಾರ್ಥಿಯಾಗಿ ಕೈಮುಗಿದು ಕೇಳುತ್ತೇನೆ. ಲೈಫ್ ಜಾಕೆಟ್‌ಗಳ ಖರ್ಚು ನನ್ನದು.

ಸರ್ ಮನೆಗೂ ಹೋಗಿದ್ದೆ. ನಾವು ಅಮ್ಮ ಎನ್ನುವ ಅವರ ಹೆಂಡತಿ ಒಳಗಿನಿಂದ ಆ ದಪ್ಪ ರಟ್ಟಿನ ಪುಸ್ತಕ ತಂದು ಕೊಟ್ಟರು. ನಮ್ಮ ನಂತರದ ಎಷ್ಟೋ ಮಕ್ಕಳ ಕೈಬರಹ ಅದರಲ್ಲಿದೆ, ಕೊನೆಯ ಅಂಕಣ ಎಲ್ಲರದ್ದೂ ತುಂಬಿದೆ. ಪುಸ್ತಕವನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಕೆಂಪು ಸುತ್ತಿರುವುದು ಮೊದಲನೆಯ ಪುಟದಲ್ಲಿ.