ವೈಫೈ ಕಾರ್ಡ್ ಕೆಟ್ಟಿದೆ ಅನ್ನುವ ಮುಂಚೆ

ಅಕ್ಕನ ಮಗಳ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 11 ಎಂಬ ಲಿನಕ್ಸ್ ಇದೆ. ವೈಫೈ ಪಟ್ಟಿಯೇ ಬರುತ್ತಿರಲಿಲ್ಲ. ‘ಮಾಮ, ಕಾರ್ಡ್ ಹೋಗಿದೆಯಂತೆ, ಹೊಸದು ಹಾಕಿಸ್ಬೇಕಂತೆ’ ಅಂದಳು. ಸುಮ್ನೆ ದುಡ್ಡು ದಂಡ ಆಗಬಾರದು ಅಲ್ವಾ?

ಟರ್ಮಿನಲ್ ತೆರೆದು, ಒಳಗಿರುವ ಹಾರ್ಡ್‌ವೇರ್ ಮತ್ತು ಅದರ ಡ್ರೈವರ್ ತೋರಿಸುವ ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟೆ. ಕಾರ್ಡಿನ ಹೆಸರು ಬಂತು, ಕೆಳಗೆ ‘ಐಡಬ್ಲ್ಯೂಎಲ್‌ವೈಫೈ’ ಎಂಬ ಮಾಡ್ಯೂಲ್ (ಕಾರ್ಡ್ ನಡೆಸುವ ಡ್ರೈವರ್) ಹೆಸರೂ ಇತ್ತು. ಅಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಕಾರ್ಡ್ ಕಾಣುತ್ತಿದೆ. ಆಮೇಲೆ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ನೋಡಿದೆ. ಫರ್ಮ್‌ವೇರ್ ಕಡತ ಸಿಗಲಿಲ್ಲ ಎಂದು ಕಡತದ ಹೆಸರಿನ ಸಮೇತ ಬರೆದಿತ್ತು! ಈ ಸಾಲುಗಳನ್ನು ಜನ ಓದುವುದೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಡ್ರೈವರ್ ಕರ್ನೆಲ್ ಜೊತೆಗೇ ಬರುತ್ತದೆ. ಆದರೆ ಕಾರ್ಡಿನೊಳಗೆ ಓಡುವ ಫರ್ಮ್‌ವೇರ್ ಬೇರೆ. ಅದರ ಮೂಲ ಕೋಡ್ ಮುಕ್ತವಲ್ಲದ ಕಾರಣ ಡೆಬಿಯನ್ ಅದನ್ನು ‘ನಾನ್-ಫ್ರೀ’ ವಿಭಾಗದಲ್ಲಿ ಇಟ್ಟಿತ್ತು. ಸಾಮಾನ್ಯ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಇದನ್ನು ಬದಲಿಸಿದರು. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಇದೆ. ಒಳ್ಳೆಯ ತೀರ್ಮಾನ. ಹೊಸಬರು ಮೊದಲ ದಿನವೇ ಲಿನಕ್ಸ್ ಬಿಟ್ಟು ಓಡುವುದು ಇಂಥ ಕಡೆಯೇ.

ಇಂಟರ್ನೆಟ್ ಇಲ್ಲದೆ ಪ್ಯಾಕೇಜ್ ಇಳಿಸುವುದು ಹೇಗೆ? ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿದೆ. ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ ‘ನಾನ್-ಫ್ರೀ’ ಸೇರಿಸಿ, ‘ಎಪಿಟಿ ಅಪ್‌ಡೇಟ್’ ಕೊಟ್ಟು, ‘ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ’ ಹಾಕಿದೆ. ರೀಸ್ಟಾರ್ಟ್ ಮಾಡಿದ ಮೇಲೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳೆಲ್ಲ ಬಂದವು.

ನಿಮ್ಮಲ್ಲಿ ಫರ್ಮ್‌ವೇರ್ ಸರಿಯಿದ್ದೂ ವೈಫೈ ಆನ್ ಆಗದಿದ್ದರೆ, ಅದನ್ನು ಯಾವುದಾದರೂ ತಡೆದಿದೆಯೇ ಎಂದು ತೋರಿಸುವ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂತಿದ್ದರೆ ಲ್ಯಾಪ್‌ಟಾಪ್‌ನ ವೈಫೈ ಸ್ವಿಚ್ ಅಥವಾ ಕೀ ಹುಡುಕಿ.