2,337 ಡಾಲರ್ ಕೊರತೆ

2025ರ ಮೇ ತಿಂಗಳ ಒಂದು ಶನಿವಾರ. ನ್ಯೂಜೆರ್ಸಿಯ ಎಡಿಸನ್‌ನ ಅಪಾರ್ಟ್‌ಮೆಂಟೊಂದರ ಊಟದ ಮೇಜಿನ ಮೇಲೆ ಐ-864 ಫಾರ್ಮಿನ (ಕರೆಸಿಕೊಳ್ಳುವವರ ಖರ್ಚಿನ ಹೊಣೆ ಹೊರುವ ಬೆಂಬಲಪತ್ರ) ಎರಡು ಪ್ರತಿ, 2024ರ ಟ್ಯಾಕ್ಸ್ ರಿಟರ್ನ್, ಕ್ಯಾಲ್ಕುಲೇಟರ್. ತೀರ್ಥಹಳ್ಳಿ ಕಡೆಯ ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳಲು ಮಗಳು ಹಾಕಿದ್ದ ಐ-130 ಅರ್ಜಿಗಳು ಮಂಜೂರಾಗಿ, ಕಡತ ಸಂದರ್ಶನಕ್ಕೆ ಮುಂಚೆ ಕಾಗದಗಳನ್ನು ನೋಡುವ ನ್ಯಾಷನಲ್ ವೀಸಾ ಸೆಂಟರ್ ತಲುಪಿತ್ತು. ಬೆಂಬಲಪತ್ರದ ಶುಲ್ಕವನ್ನೂ ಕಟ್ಟಿಯಾಗಿತ್ತು. ಇನ್ನು ಆದಾಯ ತೋರಿಸುವ ಕೆಲಸ. ಫಾರ್ಮು ತುಂಬಲು ನೆರವಾಗಲೆಂದು ನಾವೂ ಜೊತೆಗೆ ಕೂತೆವು. ಅರ್ಧ ಗಂಟೆಯ ಕೆಲಸವೆಂದುಕೊಂಡದ್ದು ರಾತ್ರಿ ಹತ್ತಕ್ಕೆ ಮುಗಿಯಿತು.

ಮೊದಲ ಎಡವಟ್ಟು ತಲೆ ಎಣಿಕೆಯಲ್ಲೇ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂತ ಮಗಳು 4 ಬರೆದಿದ್ದಳು. ಈ ಲೆಕ್ಕದಲ್ಲಿ ಊರಿನಿಂದ ಹೊಸದಾಗಿ ಬರುವವರನ್ನೂ ಸೇರಿಸಬೇಕು. ಹಿಂದೆ ಯಾರಿಗಾದರೂ ಇದೇ ಫಾರ್ಮಿಗೆ ಸಹಿ ಹಾಕಿದ್ದು, ಅವರು ಗ್ರೀನ್ ಕಾರ್ಡ್ ಪಡೆದಿದ್ದು, ಆ ಹೊಣೆ ಇನ್ನೂ ಮುಗಿಯದಿದ್ದರೆ ಅವರನ್ನೂ ಸೇರಿಸಬೇಕು. ತಂದೆ ತಾಯಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಐ-864. ಕಾಗದದ ಮೇಲೆ ಅಮ್ಮನ ಫಾರ್ಮಿನಲ್ಲಿ 5 ಅಂತ ತೋರಿಸಬಹುದು. ಆದರೆ ಮುಂಬೈ ಕಾನ್ಸುಲೇಟಿನಲ್ಲಿ ಇಬ್ಬರೂ ಒಂದೇ ಕಿಟಕಿಯ ಮುಂದೆ ನಿಂತಾಗ ಅಧಿಕಾರಿ ಒಬ್ಬರನ್ನಷ್ಟೇ ನೋಡಿ ಲೆಕ್ಕ ಹಾಕುತ್ತಾರೆ ಅಂದುಕೊಳ್ಳುವುದು ದಡ್ಡತನ. ಆರು ಜನಕ್ಕೆ ಸಾಲುವಂತೆ ತಯಾರಿ ಇರಲಿ ಎಂದೆವು.

ಬೇಕಾದ ಆದಾಯ ಬಡತನ ರೇಖೆಯ 125 ಶೇಕಡಾ. ಪ್ರತಿ ವರ್ಷ ಬದಲಾಗುವ ಈ ಮೊತ್ತಗಳು ಐ-864ಪಿ ಪಟ್ಟಿಯಲ್ಲಿರುತ್ತವೆ. 2025ರ ಪಟ್ಟಿಯಲ್ಲಿ ಐದು ಜನಕ್ಕೆ 47,062 ಡಾಲರ್, ಆರು ಜನಕ್ಕೆ 53,937. ಅಲಾಸ್ಕಾ, ಹವಾಯಿಯವರಿಗೆ ಇನ್ನೂ ಹೆಚ್ಚು.

ಮಗಳು ಶಾಲೆಯೊಂದರಲ್ಲಿ ಟೀಚರ್ ಸಹಾಯಕಿ. ಗಂಟೆಗೆ 20 ಡಾಲರ್, ವಾರಕ್ಕೆ 30 ಗಂಟೆ. 'ಈಗಿನ ವಾರ್ಷಿಕ ಆದಾಯ' ಅನ್ನುವ ಕಡೆ ಅವಳು 31,200 ಬರೆದಿದ್ದಳು, ಅಂದರೆ 52 ವಾರಕ್ಕೆ ಗುಣಿಸಿದ್ದಳು. ಬೇಸಿಗೆ ರಜೆಗೆ ಸಂಬಳವಿಲ್ಲ. 40 ವಾರಕ್ಕೆ ಲೆಕ್ಕ ಹಾಕಿದರೆ 24,000. ಕೆಲಸದ ಪತ್ರದಲ್ಲಿ 'ಶಾಲಾ ವರ್ಷಕ್ಕೆ ಮಾತ್ರ' ಎಂದಿರುವಾಗ ಫಾರ್ಮಿನಲ್ಲಿ 31,200 ಕಂಡರೆ ಅಧಿಕಾರಿಗೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಅಳಿಯನದು ಸ್ವಂತ ದುಡಿಮೆ. ವ್ಯಾನಿನಲ್ಲಿ ಲ್ಯಾಬ್ ಸ್ಯಾಂಪಲ್ ಸಾಗಿಸುತ್ತಾನೆ. ವರ್ಷಕ್ಕೆ 52,000 ಡಾಲರ್ ಕೈಗೆ ಬಂದಿದೆ. 'ಅದೊಂದೇ ಸಾಕಲ್ವಾ?' ಅಂದ. ಸಾಲದು. ಸ್ವಂತ ದುಡಿಮೆಯವರಿಗೆ ಟ್ಯಾಕ್ಸ್ ರಿಟರ್ನಿನ ಜೊತೆಗಿರುವ ಶೆಡ್ಯೂಲ್ ಸಿಯ ಕೊನೆಯ ಸಾಲು, ಅಂದರೆ ಖರ್ಚು ಕಳೆದು ಉಳಿದದ್ದು ಮಾತ್ರ ಆದಾಯ. 2024ರಲ್ಲಿ 30,000 ಮೈಲಿ ಓಡಿಸಿದ್ದಕ್ಕೆ ಮೈಲಿಗೆ 67 ಸೆಂಟ್‌ನಂತೆ 20,100 ಡಾಲರ್ ಕಳೆದಿದ್ದಾನೆ. ಟರ್ನ್‌ಪೈಕ್ ಟೋಲ್, ಫೋನು, ಐಸ್ ಪೆಟ್ಟಿಗೆ ಅಂತ ಇನ್ನೂ 4,300. ಉಳಿದದ್ದು 27,600. ಏಪ್ರಿಲ್‌ನಲ್ಲಿ ತೆರಿಗೆ ಉಳಿಸಿದ ಆ ಮೈಲಿ ಲೆಕ್ಕವೇ ಮೇನಲ್ಲಿ ಅತ್ತೆ ಮಾವನ ವೀಸಾಕ್ಕೆ ಅಡ್ಡ ಬಂತು. ರಿಟರ್ನ್ ತಿದ್ದಿ ಮತ್ತೆ ಸಲ್ಲಿಸಿದರೆ ಹೇಗೆ ಅಂತ ಅವನು ಕೇಳಿದ. ನಿಜವಾದ ಖರ್ಚನ್ನು ಈ ಫಾರ್ಮಿಗೋಸ್ಕರ ಅಳಿಸುವುದು ತೆರಿಗೆ, ವಲಸೆ ಎರಡೂ ಇಲಾಖೆಗೆ ಬಾಗಿಲು ತೆರೆದು ಕರೆದಂತೆ. ಬೇಡ ಎಂದೆವು.

ಇನ್ನೊಂದು ಮಾತು: 1040ರಲ್ಲಿ, ಅಂದರೆ ಟ್ಯಾಕ್ಸ್ ರಿಟರ್ನಿನ ಮುಖ್ಯ ಫಾರ್ಮಿನಲ್ಲಿ, ಇಲ್ಲಿಗೆ ಬೇಕಾದದ್ದು ಒಟ್ಟು ಆದಾಯದ 9ನೇ ಸಾಲು. ಅನೇಕರು ಕೆಳಗಿನ, ಕಡಿತಗಳಾದ ಮೇಲಿನ ಮೊತ್ತವನ್ನು ಎತ್ತಿ ಬರೆದು ತಾವಾಗಿಯೇ ಕೊರತೆ ತಂದುಕೊಳ್ಳುತ್ತಾರೆ.

ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದ್ದಾರೆಂಬ ಮಾತ್ರಕ್ಕೆ ಗಂಡನ ಆದಾಯ ತಾನಾಗಿ ಸೇರುವುದಿಲ್ಲ. ಅವನು ಐ-864ಎ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. ಅದರಲ್ಲಿ ಇಬ್ಬರ ಸಹಿಗೂ ಜಾಗ ಇದೆ, ಒಂದು ಬಿಟ್ಟರೂ ಕಾಗದ ವಾಪಸ್. ಅಪ್ಪನ ಫಾರ್ಮಿಗೊಂದು, ಅಮ್ಮನ ಫಾರ್ಮಿಗೊಂದು. 24,000ಕ್ಕೆ 27,600 ಕೂಡಿಸಿದರೆ 51,600. ಆರು ಜನಕ್ಕೆ 2,337 ಕಡಿಮೆ.

ಅಮ್ಮನನ್ನು ಮೊದಲು ಕರೆಸಿದರೆ ಐದು ಜನದ ಲೆಕ್ಕ ಸಲೀಸಾಗಿ ದಾಟುತ್ತಿತ್ತು. ಫೋನಿನಲ್ಲಿ ಹೇಳಿದಾಗ ಅಮ್ಮ, 'ಇವರನ್ನ ಒಬ್ರನ್ನೇ ಬಿಟ್ಟು ನಾನೆಲ್ಲಿಗೂ ಬರೋಳಲ್ಲ ಕಣೆ' ಅಂದರು. ಆ ದಾರಿ ಅಲ್ಲಿಗೇ ಮುಚ್ಚಿತು.

ಜಾಯಿಂಟ್ ಸ್ಪಾನ್ಸರ್, ಅಂದರೆ ಮಗಳ ಜೊತೆಗೆ ಹೊಣೆ ಹೊರುವ ಇನ್ನೊಬ್ಬರನ್ನು ಹಿಡಿಯಬಹುದಿತ್ತು. ಅಮೆರಿಕದಲ್ಲೇ ವಾಸವಿರುವ, 18 ತುಂಬಿದ ಪ್ರಜೆ ಅಥವಾ ಗ್ರೀನ್ ಕಾರ್ಡಿನವರು ಯಾರಾದರೂ ಆಗಬಹುದು, ನೆಂಟರೇ ಆಗಬೇಕೆಂದಿಲ್ಲ. ಆದರೆ ಅವರು ಇಲ್ಲಿಯ ಕೊರತೆಯನ್ನಷ್ಟೇ ತುಂಬಿದರೆ ಸಾಲದು. ತಮ್ಮ ಮನೆಯವರು, ಬರುವವರು ಎಲ್ಲರನ್ನೂ ಎಣಿಸಿ ಪೂರ್ತಿ ಮೊತ್ತವನ್ನು ಮಗಳ ಆದಾಯ ಸೇರಿಸದೆಯೇ ದಾಟಬೇಕು. ಅಳಿಯನ ಅಣ್ಣ ಒಪ್ಪುವವರಿದ್ದರು. ಹೊಣೆ ಎಲ್ಲಿಯವರೆಗೆ ಎಂದು ಕೇಳಿದರು. ಬಂದವರು ಪೌರತ್ವ ಪಡೆಯುವವರೆಗೆ, ಅಥವಾ ಅವರ ಹೆಸರಿಗೆ 40 ತ್ರೈಮಾಸಿಕದ ದುಡಿಮೆ ಜಮೆಯಾಗುವವರೆಗೆ, ಅಥವಾ ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ, ಅಥವಾ ಸಾಯುವವರೆಗೆ. ಬಂದವರು ಬಡವರಿಗೆಂದಿರುವ ಸರ್ಕಾರಿ ನೆರವು ತೆಗೆದುಕೊಂಡರೆ ಅದನ್ನು ಸಹಿ ಹಾಕಿದವರಿಂದ ವಸೂಲಿ ಮಾಡುವ ಅವಕಾಶ ಕಾನೂನಿನಲ್ಲಿದೆ. ಎಪ್ಪತ್ತರ ಹತ್ತಿರದವರು ಇನ್ನು 40 ತ್ರೈಮಾಸಿಕ ದುಡಿಯುವುದುಂಟೆ? ಅಳಿಯನ ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಹಿಂಜರಿಕೆ ತಪ್ಪೆನಿಸಲಿಲ್ಲ.

ಕೊನೆಗೆ ಉಳಿದದ್ದು ಆಸ್ತಿ. ಕೊರತೆಯ ಐದು ಪಟ್ಟು ತೋರಿಸಬೇಕು: 11,685 ಡಾಲರ್. ಪ್ರಜೆಯ ಗಂಡ ಅಥವಾ ಹೆಂಡತಿ ಬರುವುದಾದರೆ ಮೂರು ಪಟ್ಟು ಸಾಕು, ತಂದೆ ತಾಯಿಗೆ ಆ ರಿಯಾಯಿತಿ ಇಲ್ಲ. ಒಂದು ವರ್ಷದೊಳಗೆ, ಹೆಚ್ಚು ನಷ್ಟವಿಲ್ಲದೆ ನಗದಾಗುವ ಆಸ್ತಿ ಮಾತ್ರ ನಡೆಯುತ್ತದೆ. ವ್ಯಾನನ್ನು ಬರೆಯುವಂತಿಲ್ಲ. ಮನೆಯಲ್ಲಿ ಇನ್ನೊಂದು ವಾಹನವಿದ್ದು, ಅದನ್ನು ಲೆಕ್ಕದಿಂದ ಹೊರಗಿಟ್ಟರೆ ಮಾತ್ರ ಅದಕ್ಕೆ ಬೆಲೆ.

'ನಮ್ಮ ತೋಟ ತೋರಿಸಿದ್ರೆ ಸಾಲ್ದೇನೆ?' ಅಮ್ಮ ಮತ್ತೆ ಕೇಳಿದರು. ಬರುವವರ ಸ್ವಂತ ಆಸ್ತಿಯನ್ನು ತೋರಿಸಲು ಅವಕಾಶವೇನೋ ಇದೆ. ವಾಟ್ಸಾಪಿನಲ್ಲಿ ಪಹಣಿ ಬಂತು. ಮೂರೆಕರೆ ಅಡಿಕೆ ತೋಟ, 9ನೇ ಕಾಲಮ್ಮಿನಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ. ಪಾಲು ಆಗಿಲ್ಲ. ಪಾಲಾಗದ ತೋಟವನ್ನು ವರ್ಷದೊಳಗೆ ಮಾರಿ ಹಣವನ್ನು ಅಮೆರಿಕಕ್ಕೆ ತರುತ್ತೇವೆಂದು ಯಾವ ಬಾಯಲ್ಲಿ ಹೇಳುವುದು? ಹೆಸರು ಒಂಟಿಯಾಗಿದ್ದರೂ ಕ್ರಯಪತ್ರ ಅಥವಾ ವಿಭಾಗಪತ್ರ, ಇಸಿ, ಮೌಲ್ಯಮಾಪಕರ ವರದಿ, ಕನ್ನಡದ ಪ್ರತಿ ಕಾಗದಕ್ಕೂ ಅನುವಾದಕರ ದೃಢೀಕರಣವಿರುವ ಇಂಗ್ಲಿಷ್ ಅನುವಾದ ಬೇಕು. ಎರಡು ಸಾವಿರ ಡಾಲರ್ ಕೊರತೆಗೆ ಇಷ್ಟು ಓಡಾಟ ದಂಡ.

ಮಗಳು ಅಳಿಯನ ಜಂಟಿ ಉಳಿತಾಯ ಖಾತೆಯಲ್ಲಿ 12,900 ಇತ್ತು. ಸಾಕು, ಆದರೆ ಅಂಚಿನಲ್ಲಿದೆ. 12 ತಿಂಗಳ ಸ್ಟೇಟ್‌ಮೆಂಟ್ ಕೊಡಬೇಕಾದ್ದರಿಂದ ಸಂದರ್ಶನದ ತನಕ ಅದಕ್ಕೆ ಕೈಹಾಕಬೇಡಿ, ಗೆಳೆಯರಿಂದ ತಂದು ತುಂಬಲೂಬೇಡಿ ಎಂದೆವು. ಹಿಂದಿನ ವಾರ ದಿಢೀರನೆ ಬಂದ ದೊಡ್ಡ ಜಮೆ ಮೊದಲು ಕಣ್ಣಿಗೆ ಬೀಳುತ್ತದೆ. ಅಪ್ಪನ ಹೆಸರಿನ ಆರು ಲಕ್ಷದ ಎಫ್‌ಡಿ, ಡಾಲರಿಗೆ 85 ರೂಪಾಯಿಯಂತೆ ಸುಮಾರು 7,000. ಅದನ್ನು ಅಪ್ಪನ ಫಾರ್ಮಿನಲ್ಲಿ ಮಾತ್ರ ಬರೆದೆವು.

ಆಮೇಲೆ ಜೋಡಿಸುವ ಕೆಲಸ. ರಿಟರ್ನಿನ ಎಲ್ಲ ಶೆಡ್ಯೂಲ್‌ಗಳು, ಮಗಳ ಡಬ್ಲ್ಯೂ-2 (ವರ್ಷದ ಸಂಬಳದ ಪತ್ರ), ಅಳಿಯನ 1099ಗಳು (ಸ್ವಂತ ದುಡಿಮೆಗೆ ಬಂದ ಹಣದ ಪತ್ರಗಳು), ಶಾಲೆಯ ಪತ್ರ, ಇತ್ತೀಚಿನ ಪೇ ಸ್ಟಬ್, ಪೌರತ್ವದ ಪುರಾವೆ. ಎಲ್ಲವೂ ಎರಡೆರಡು ಸೆಟ್. ಸಂದರ್ಶನ ಮುಂದಿನ ಏಪ್ರಿಲ್ ದಾಟಿದರೆ ಹೊಸ ವರ್ಷದ ರಿಟರ್ನ್ ಕೇಳುತ್ತಾರೆ. ಅದಿಲ್ಲದೆ ಮುಂಬೈಗೆ ಹೋದವರ ಕೈಗೆ ವೀಸಾ ತಡೆಹಿಡಿದು ಕಾಗದ ಕೇಳುವ 221(ಜಿ) ಚೀಟಿ ಬರುತ್ತದೆ, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಈ ಸಲ ಮೈಲಿ ಕಡಿಮೆ ಓಡಿಸ್ತೀನಿ ಅಂತ ಅಳಿಯ ನಗಾಡಿದ.

ಹತ್ತು ಗಂಟೆಗೆ ಸ್ಕ್ಯಾನರ್ ಆಫ್ ಮಾಡುವಾಗ ಊರಿನಿಂದ ಇನ್ನೊಂದು ಮೆಸೇಜ್. ತೋಟದ ಪಹಣಿಯನ್ನೂ ಕಡತದಲ್ಲಿ ಇಟ್ಟುಕೊಳ್ಳಲಾ ಅಂತ ಅಪ್ಪ ಕೇಳಿದ್ದರು. ಮಗಳು ಟೈಪ್ ಮಾಡಿದಳು: 'ಇಟ್ಕೊಳ್ಳಿ ಅಪ್ಪ. ಕೇಳದೆ ಕೊಡ್ಬೇಡಿ.'