ಕಾರ್ನಾಕ್‌ನಲ್ಲಿ ಹತ್ಶೆಪ್ಸುತ್‌ಳ ಏಳು ತಿಂಗಳ ಕಲ್ಲು

ಈಜಿಪ್ಟಿನ ಲಕ್ಸರ್‌ಗೆ ಹೋದವರು ಪ್ರಾಚೀನ ಕಾಲದ ಹತ್ಶೆಪ್ಸುತ್ ರಾಣಿಯನ್ನು ದೇರ್ ಎಲ್-ಬಹ್ರಿಯ ಮಂದಿರದಲ್ಲೇ ನೋಡಿ ಮುಗಿಸಿಬಿಡುತ್ತಾರೆ. ಆಕೆಯ ಅಧಿಕಾರದ ಅಳತೆ ಸಿಗುವುದು ನೈಲ್ ನದಿಯ ಈಚೆ ದಡದ ಕಾರ್ನಾಕ್ ದೇವಾಲಯದಲ್ಲಿ. ಅಲ್ಲಿನ ನಾಲ್ಕನೆಯ ಮತ್ತು ಐದನೆಯ ಮಹಾದ್ವಾರಗಳ ನಡುವೆ ಆಕೆಯ ಒಬೆಲಿಸ್ಕ್, ಅಂದರೆ ತುದಿ ಮೊನಚಾದ ಒಂದೇ ಕಲ್ಲಿನ ಕಂಬ, ಇಂದಿಗೂ ನಿಂತಿದೆ. ಅಸ್ವಾನಿನ ಕೆಂಪು ಗ್ರಾನೈಟು, 29 ಮೀಟರಿಗೂ ಹೆಚ್ಚು ಎತ್ತರ, ಸುಮಾರು 320 ಟನ್ ತೂಕ.

ತುದಿ ನೋಡಲು ಕತ್ತೆತ್ತುವ ಮೊದಲು ಬುಡದ ಶಾಸನ ನೋಡಬೇಕು. ಆಳ್ವಿಕೆಯ 15ನೇ ವರ್ಷದಲ್ಲಿ ಕೆಲಸ ಶುರುವಾಗಿ 16ನೇ ವರ್ಷದಲ್ಲಿ ಮುಗಿಯಿತು, ಬಂಡೆಯಿಂದ ಕಲ್ಲು ಬಿಡಿಸಲು ಹಿಡಿದದ್ದು ಏಳು ತಿಂಗಳು ಎಂದು ಅದರಲ್ಲೇ ಇದೆ. ಇಡೀ ಕಂಬದಲ್ಲಿ ಬೆಸುಗೆಯಿಲ್ಲ, ಜೋಡಣೆಯಿಲ್ಲ ಎಂಬ ಹೆಮ್ಮೆಯೂ ಇದೆ. ಹೊದಿಕೆಗೆ ಬೇಕಾದ ಚಿನ್ನ-ಬೆಳ್ಳಿಯ ಮಿಶ್ರಲೋಹವನ್ನು ಕಾಳು ಅಳೆದ ಹಾಗೆ ಅಳೆದುಕೊಟ್ಟೆ ಎನ್ನುತ್ತಾಳೆ. ಮುಂದಿನ ಕಾಲದ ಜನ ಇದನ್ನು ನೋಡಿ ಏನೆಂದಾರು ಎಂಬ ಯೋಚನೆಯನ್ನೂ ಮುಚ್ಚಿಟ್ಟಿಲ್ಲ. ಇಷ್ಟು ಬಿಚ್ಚುಮನಸ್ಸಿನ ರಾಜಶಾಸನ ಅಪರೂಪ.

ಏಳು ತಿಂಗಳ ಬೆಲೆ ತಿಳಿಯಲು ಅಸ್ವಾನಿನ ಕ್ವಾರಿಗೆ ಹೋಗಬೇಕು. ಗ್ರಾನೈಟಿಗೆ ತಾಮ್ರದ ಉಳಿ ನಾಟುವುದಿಲ್ಲ. ಅದಕ್ಕೇ ಡಾಲರೈಟ್ ಎಂಬ ಇನ್ನೂ ಗಟ್ಟಿ ಕಲ್ಲಿನ ಗುಂಡುಗಳನ್ನು ಕೈಯಲ್ಲಿ ಹಿಡಿದು ಕುಟ್ಟುತ್ತಿದ್ದರು. ಒಂದೊಂದು ಏಟಿಗೆ ಬರುವುದು ಬರೀ ಪುಡಿ. ಕಂಬದ ಸುತ್ತ ಒಬ್ಬ ಮನುಷ್ಯ ಕೂರುವಷ್ಟು ಅಗಲದ ಕಾಲುವೆ ಹೀಗೇ ಇಳಿಯಬೇಕು, ಆಮೇಲೆ ಅಡಿಯಿಂದಲೂ ಕುಟ್ಟಿ ಬಿಡಿಸಬೇಕು. ದೊಡ್ಡ ಭಯ ಬಿರುಕಿನದು. ಸುಮಾರು 42 ಮೀಟರ್ ಉದ್ದದ, ಸಾವಿರ ಟನ್ನಿಗೂ ಮೀರಿದ ಒಂದು ಒಬೆಲಿಸ್ಕ್ ಅಲ್ಲೇ ಮಲಗಿದೆ. ಕೆಲಸ ಬಹಳ ದೂರ ಸಾಗಿದ ಮೇಲೆ ಬಂಡೆ ಸೀಳಿತು, ಅಷ್ಟೂ ದುಡಿಮೆ ಬಿಟ್ಟು ಎದ್ದರು. ಅದರ ಪಕ್ಕದ ಕಾಲುವೆಯಲ್ಲಿ ಕುಟ್ಟಿದ ಗುಳಿಗಳು ಸಾಲುಸಾಲಾಗಿ ಈಗಲೂ ಕೈಗೆ ಸಿಗುತ್ತವೆ.

ಸಾಗಣೆ ಪ್ರವಾಹದ ಜೊತೆಗೆ, ಉತ್ತರಕ್ಕೆ, 200 ಕಿ.ಮೀ.ಗೂ ಹೆಚ್ಚು. ಆಕೆಯ ಇನ್ನೊಂದು ಜೋಡಿ ಒಬೆಲಿಸ್ಕ್‌ಗಳು ದೊಡ್ಡ ನಾವೆಯ ಮೇಲೆ ಬರುವ ಚಿತ್ರ ದೇರ್ ಎಲ್-ಬಹ್ರಿಯ ಕೆಳ ಅಂತಸ್ತಿನಲ್ಲಿದೆ. ಎಳೆಯುವ ದೋಣಿಗಳು ಮೂರು ಸಾಲು, ಎಲ್ಲದರಲ್ಲೂ ಹುಟ್ಟು ಹಾಕುವವರು. ಕಲ್ಲುಕುಟಿಗರು, ಅಂಬಿಗರು, ಅವರ ಊಟ, ಹಗ್ಗ, ಮರ, ಎಲ್ಲವನ್ನೂ ಒಂದೇ ಹೊತ್ತಿಗೆ ಹೊಂದಿಸಬಲ್ಲ ಆಡಳಿತ ಆಕೆಯದಾಗಿತ್ತು. ಮಲಮಗ ಮೂರನೇ ಥುಟ್ಮೋಸ್ ಚಿಕ್ಕವನಿದ್ದಾಗ ರಾಜಪ್ರತಿನಿಧಿಯಾಗಿ ಶುರುಮಾಡಿ ತಾನೇ ಫೇರೋ ಆದವಳ ಬಲ ಇದು.

ಕಾರ್ನಾಕ್‌ನ ಈ ಕಂಬಕ್ಕೂ ಒಂದು ಜೊತೆಯಿತ್ತು. ಆಮೇಲೆ ಥುಟ್ಮೋಸ್ ಈ ಜೋಡಿಯ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದ. ಅಲ್ಲಿನ ಮಂಟಪದ ಚಾವಣಿಯ ಮೇಲಿನ ಭಾಗವಷ್ಟೇ ಹೊರಗೆ ಉಳಿಯಿತು. ಮುಚ್ಚಲು ಕಟ್ಟಿದ ಗೋಡೆಯೇ ಕೆಳಗಿನ ಕಲ್ಲನ್ನು ಬಿಸಿಲು-ಗಾಳಿಯಿಂದ ಕಾಪಾಡಿತು. ಎರಡು ಭಾಗಗಳ ಬಣ್ಣ ಬೇರೆಯಾಗಿರುವುದು ಈಗಲೂ ಕಾಣುತ್ತದೆ.

ಜೋಡಿಯ ಇನ್ನೊಂದು ಬಿದ್ದು ಒಡೆದಿದೆ. ಅದರ ತುದಿ ಪವಿತ್ರ ಸರೋವರದ ಬಳಿ ಇಟ್ಟಿದ್ದಾರೆ, ಅದನ್ನು ಮಾತ್ರ ತಪ್ಪಿಸಬೇಡಿ. ಮಲಗಿದ್ದ ಈ ತುಂಡನ್ನು 2022ರಲ್ಲಿ ನೆಟ್ಟಗೆ ನಿಲ್ಲಿಸಿದರು. ನಿಂತ ಕಂಬದಲ್ಲಿ ಕಣ್ಣಿಗೆಟುಕದ ಕೆತ್ತನೆ ಅಲ್ಲಿಯವರೆಗೆ ಇಲ್ಲಿ ಎದೆಮಟ್ಟದಲ್ಲಿತ್ತು: ಗಂಡು ಅರಸನ ವೇಷದಲ್ಲಿ ಮಂಡಿಯೂರಿದ ಹತ್ಶೆಪ್ಸುತ್, ಹಿಂದೆ ಆಕೆಗೆ ಕಿರೀಟ ಇಡುವ ದೇವರು ಅಮುನ್. ಓರೆ ಬಿಸಿಲಿನಲ್ಲಿ ನೋಡಿದರೆ ಅಮುನ್‌ನ ಸುತ್ತಲಿನ ಕಲ್ಲು ತುಸು ತಗ್ಗಾಗಿರುವುದು ತಿಳಿಯುತ್ತದೆ. ಅಮುನ್ ಪೂಜೆಯನ್ನು ವಿರೋಧಿಸಿದ ಫೇರೋ ಅಖೆನಾತೆನ್ ಕಾಲದಲ್ಲಿ ಆ ದೇವರನ್ನು ಕೆತ್ತಿ ಅಳಿಸಿದರು, ಆಮೇಲೆ ಮತ್ತೆ ಕೆತ್ತಿದರು. ಥುಟ್ಮೋಸ್ ಕಾಲದಲ್ಲಿ ಬೇರೆಡೆ ರಾಣಿಯ ಮೂರ್ತಿಗಳನ್ನು ಅಳಿಸಿದವರು ಇಲ್ಲಿ ಆಕೆಯನ್ನು ಮುಟ್ಟಿಲ್ಲ.